ಹೋಗ್ಬರ್ತೀನಿ ಅಂದವನು ಬರೋದಿಲ್ಲ

ದೆವ್ವದ ಸಿನಿಮಾದ ವಿಷಯದಲ್ಲಿ ನನ್ನ ಜೊತೆ ವಾದಕ್ಕೆ ಬರಬೇಡಿ. ಅಡುಗೆಯಲ್ಲಿ ಸೋಲೊಪ್ಪಿಕೊಳ್ಳುತ್ತೇನೆ, ಕಾರು ಪಾರ್ಕ್ ಮಾಡುವುದರಲ್ಲಿ ಸೋಲೊಪ್ಪಿಕೊಳ್ಳುತ್ತೇನೆ, ಹಾಡು ಹೇಳು ಅಂದರೆ ಎದ್ದು ಆಚೆಗೇ ಹೋಗುತ್ತೇನೆ. ಆದರೆ ಯಾವ ಬಾಗಿಲು ಯಾವಾಗ ಕಿರ್ ಅನ್ನುತ್ತದೆ, ಕನ್ನಡಿಯಲ್ಲಿ ಎರಡನೆಯ ಮುಖ ಯಾವ ಗಳಿಗೆಗೆ ಮೂಡುತ್ತದೆ, ಸ್ನೇಹಿತರ ಗುಂಪೊಂದು ಕಾಡಿನ ಮನೆಗೆ ರಜಕ್ಕೆ ಹೋದರೆ ಮೊದಲು ಸಾಯುವವನು ಯಾರು, ಇವೆಲ್ಲ ನನಗೆ ಬಾಯಿಪಾಠ. ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗಲೇ ಹಿಡಿದ ಹುಚ್ಚು ಇದು. ಗೆಳತಿಯರು ಪ್ರೇಮಕಥೆ ನೋಡಿ ಕರ್ಚೀಫು ಒದ್ದೆ ಮಾಡಿಕೊಳ್ಳುತ್ತಿದ್ದಾಗ ನಾನು ಮ್ಯಾಟಿನಿಗೆ ಹೋಗಿ ದೆವ್ವ ನೋಡಿ, ಬರುವ ದಾರಿಯಲ್ಲಿ ಚುರುಮುರಿ ತಿಂದು, ಮನೆಗೆ ಬಂದು ಸುಖವಾಗಿ ನಿದ್ದೆ ಹೊಡೆಯುತ್ತಿದ್ದೆ. "ಈ ಹುಡುಗಿಗೆ ಭಯ ಅನ್ನೋದೇ ಇಲ್ವಲ್ಲಪ್ಪ" ಅಂತ ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದರು. ಅದನ್ನು ನಾನು ಹೊಗಳಿಕೆ ಅಂತಲೇ ತಿಳಿದುಕೊಂಡೆ.

ಮಗಳಿಗೆ ಹಲ್ಲು ಮೂಡುತ್ತಿದ್ದ ಕಾಲದಲ್ಲಿ ಬ್ರಿಸ್ಬೇನಿಗೆ ಬಂದೆವು. ಹ್ಯಾಲೊವೀನ್ ಎಂಬ ಹಬ್ಬವನ್ನು ನಾನು ಕಣ್ಣಾರೆ ಕಂಡದ್ದು ಅಲ್ಲೇ. ಸಿನಿಮಾಗಳಲ್ಲಿ ಅಕ್ಟೋಬರ್ ಕೊನೆ ಅಂದರೆ ಎಲೆ ಉದುರುತ್ತಿರುತ್ತದೆ, ಮಂಜು ಮುಸುಕಿರುತ್ತದೆ, ಮಾತಾಡಿದರೆ ಬಾಯಿಂದ ಹೊಗೆ ಬರುತ್ತದೆ. ಇಲ್ಲಿ ನೋಡಿದರೆ ವಸಂತ! ಜಕರಂದ ಮರಗಳೆಲ್ಲ ನೇರಳೆ ಹೂ ಮುಡಿದು ಮದುವೆಮನೆಯ ಹಾಗೆ ನಿಂತಿವೆ. ಗೇಟಿಗೆ ನೇತುಹಾಕಿದ ಪ್ಲಾಸ್ಟಿಕ್ ಅಸ್ಥಿಪಂಜರ ಬಿಸಿಲಿಗೆ ಮೆತ್ತಗಾಗಿದೆ. ಬಿಳೀ ಬಟ್ಟೆ ಹೊದ್ದ ದೆವ್ವಗಳು ಕೆಳಗೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಬೆವರು ಒರೆಸಿಕೊಳ್ಳುತ್ತ ಚಾಕಲೇಟು ಕೇಳಲು ಬರುತ್ತವೆ. ಏನು ಹೆದರಿಕೊಳ್ಳೋದು ಇವಕ್ಕೆ, ನನ್ನ ಕರ್ಮ!

ಹಾಗಂತ ಕೈಕಟ್ಟಿ ಕೂರುವವಳು ನಾನಲ್ಲ. ಹಬ್ಬ ಅಂದಮೇಲೆ ಸಿನಿಮಾ ನೋಡಲೇಬೇಕು, ಸಿನಿಮಾ ಅಂದಮೇಲೆ ಕತ್ತಲೆ ಬೇಕೇಬೇಕು. ಮಗಳು ಮಧ್ಯಾಹ್ನ ಮಲಗಿದ ಮೇಲೆ ಹಾಲಿನ ಕಿಟಕಿಗೆ ಮದುವೆಯಲ್ಲಿ ಉಡುಗೊರೆ ಬಂದ ಕೆಂಪು ಬೆಡ್‌ಶೀಟು ಕಟ್ಟಿ, ಅಂಚಿಗೆಲ್ಲ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸುತ್ತಿದ್ದೆ. ಸನ್ನಿಬ್ಯಾಂಕ್ ಬಡಾವಣೆಯ ನಮ್ಮವರ ಅಂಗಡಿಯಿಂದ ತಂದ ಮಂಡಕ್ಕಿಗೆ ಕ್ಯಾರೆಟ್ ತುರಿ, ಈರುಳ್ಳಿ, ಖಾರದಪುಡಿ, ಎಣ್ಣೆ ಕಲಸಿದರೆ ಚುರುಮುರಿ. ಅದು ಮೈಸೂರಿನದಲ್ಲ, ಒಪ್ಪುತ್ತೇನೆ. ಆದರೆ ಆ ಕೆಂಪು ಕತ್ತಲೆಯಲ್ಲಿ ಕೂತು ತಿಂದರೆ ಹತ್ತಿರ ಹತ್ತಿರ ಬರುತ್ತಿತ್ತು.

ನನ್ನ ಪಕ್ಕ ಕೂರುತ್ತಿದ್ದವರು ನನ್ನ ಗಂಡ. ಇವರು ಭೂವಿಜ್ಞಾನಿ. ದಿನವೆಲ್ಲ ಕಲ್ಲಿನ ಸಹವಾಸ, ಎದೆ ಮಾತ್ರ ಬೆಣ್ಣೆ. ಸಿನಿಮಾದ ಸಂಗೀತ ಸ್ವಲ್ಪ ತಗ್ಗಿತು ಅಂದರೆ ಸಾಕು, ದಿಂಬು ಮುಖಕ್ಕೆ ಬಂದುಬಿಡುತ್ತಿತ್ತು. "ಮುಗೀತಾ? ಮುಗೀತೇನೇ?" ಅಂತ ದಿಂಬಿನ ಹಿಂದಿನಿಂದ ಕೇಳುವುದು. ಮುಗಿಯದಿದ್ದರೂ ನಾನು "ಹೂಂ, ಮುಗೀತು, ತೆಗೀರಿ" ಅನ್ನುತ್ತಿದ್ದೆ. ಆ ಕಿರುಚಾಟ ಕೇಳುವ ಸುಖವೇ ಬೇರೆ.

ನನ್ನ ರುಚಿಯನ್ನೂ ಹೇಳಿಬಿಡುತ್ತೇನೆ. ರಕ್ತ ಚಿಮ್ಮುವ ಸಿನಿಮಾ ನನಗೆ ಬೇಡ. ಅದು ಟೊಮ್ಯಾಟೊ ಸಾಸಿನ ವ್ಯಾಪಾರ. ರಬ್ಬರ್ ಮುಖವಾಡದ ರಾಕ್ಷಸರೂ ಬೇಡ, ಅವರನ್ನು ನೋಡಿದರೆ ಪಾಪ ಎಷ್ಟು ಸೆಖೆ ಆಗುತ್ತಿರಬೇಕು ಅನ್ನಿಸುತ್ತದೆ. ನನಗೆ ಬೇಕಾದದ್ದು ಮನೆಯೊಳಗಿನ ದೆವ್ವ. ಹೊಸದಾಗಿ ಸಂಸಾರ ಹೂಡಲು ಬಂದ ಗಂಡ ಹೆಂಡತಿ, ಮೇಲಿನ ಮಹಡಿಯಲ್ಲಿ ಬೀಗ ಹಾಕಿದ ಒಂದು ಕೋಣೆ, ಎಲ್ಲರೂ ಕೆಳಗೆ ಊಟ ಮಾಡುತ್ತಿರುವಾಗ ಮೇಲೆ ಯಾರೋ ಕುರ್ಚಿ ಎಳೆದ ಸದ್ದು. ಅಷ್ಟು ಸಾಕು. ತೋರಿಸಬಾರದು, ಕೇಳಿಸಬೇಕು. ಒಳ್ಳೆಯ ದೆವ್ವದ ಸಿನಿಮಾ ಅಂದರೆ ದೆವ್ವ ಕಡಿಮೆ ಇರುವ ಸಿನಿಮಾ ಅನ್ನುವುದು ನನ್ನ ಖಚಿತ ಅಭಿಪ್ರಾಯ, ಇದನ್ನು ಯಾರಿಂದಲೂ ಬದಲಾಯಿಸಲು ಆಗಿಲ್ಲ.

ಕೆಲವು ವರ್ಷದ ಮೇಲೆ ಇವರಿಗೆ ಗಣಿಯಲ್ಲಿ ಕೆಲಸ ಸಿಕ್ಕಿ ಪರ್ತ್ ನಗರಕ್ಕೆ ಹೋದೆವು. ಕ್ಯಾನಿಂಗ್ಟನ್ನಿನಲ್ಲಿ ಬಾಡಿಗೆ ಮನೆ. ಗಣಿ ಇದ್ದದ್ದು ಎಲ್ಲೋ ಉತ್ತರದ ಕೆಂಪು ಮಣ್ಣಿನಲ್ಲಿ. ವಿಮಾನ ಹತ್ತಿ ಹೋಗಿ ಎರಡು ವಾರ ಅಲ್ಲೇ ಇದ್ದು, ಒಂದು ವಾರ ಮನೆಗೆ ಬರುವುದು. ನಾನು ಸಿಟಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದೆ. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿದ್ದಕ್ಕೆ ಸಂಬಳ ಕೊಡುತ್ತಾರೆ, ನನ್ನ ಸ್ವಭಾವಕ್ಕೆ ಇದಕ್ಕಿಂತ ಹೊಂದುವ ನೌಕರಿ ಇಲ್ಲ. ಮಗಳು ಸ್ಕೂಲಿಗೆ ಹೋಗತೊಡಗಿದ್ದಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಊಟ ಮಾಡ್ತೀಯಾ?" ಅಂದರೆ "ನಾಟ್ ಹಂಗ್ರಿ." ಅವಳ ಬಾಯಿಂದ ಒಂದು ಕನ್ನಡ ವಾಕ್ಯ ಹೊರಡಿಸಲು ಲಂಚ, ಬೆದರಿಕೆ, ಐಸ್‌ಕ್ರೀಮು ಎಲ್ಲ ಪ್ರಯೋಗಿಸಿ ನಾನು ಸೋತಿದ್ದೆ.

ಆ ವರ್ಷ ಅತ್ತೆ ಮೈಸೂರಿನಿಂದ ಬಂದಿದ್ದರು. ನನ್ನ ಹುಚ್ಚು ಅವರಿಗೆ ಚೂರೂ ಹಿಡಿಸುತ್ತಿರಲಿಲ್ಲ. "ದೀಪ ಹಚ್ಚೋ ಮನೇಲಿ ಆ ದರಿದ್ರಗಳನ್ನ ಕರ್ಕೊಂಡು ಬಂದು ಕೂರಿಸ್ತೀಯಲ್ಲೇ" ಅನ್ನುತ್ತಿದ್ದರು, ಟೀವಿಯೊಳಗಿನ ದೆವ್ವಗಳಿಗೆ ನಾನೇ ವೀಸಾ ಕೊಡಿಸಿದ ಹಾಗೆ.

ಹ್ಯಾಲೊವೀನಿನ ಸಂಜೆ ಗಣಿಯ ಸ್ನೇಹಿತರ ಎರಡು ಕನ್ನಡ ಕುಟುಂಬಗಳನ್ನು ಮನೆಗೆ ಕರೆದಿದ್ದೆವು. ಹಿತ್ತಲಿನಲ್ಲಿ ಬಾರ್ಬಿ, ಅಂದರೆ ಇಲ್ಲಿಯವರ ಬಾಯಲ್ಲಿ ಬಾರ್ಬೆಕ್ಯೂ ಒಲೆ. ಅದರ ಕಾವಲಿಯ ಮೇಲೆ ಪನೀರು, ಜೋಳ, ದಪ್ಪ ಮೆಣಸಿನಕಾಯಿ ಬೇಯುತ್ತಿದ್ದವು. ಮಾತು ಸಿನಿಮಾಕ್ಕೆ ಬಂತು, ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಅಷ್ಟೇ ಬೇಕಿತ್ತು. ಚಿಮಟ ಕೈಯಲ್ಲಿ ಹಿಡಿದೇ ಭಾಷಣ ಶುರುಮಾಡಿದೆ.

"ಈ ಸಿನಿಮಾಗಳಲ್ಲಿ ಯಾರು ಸಾಯ್ತಾರೆ ಅಂತ ಮೊದಲೇ ಹೇಳ್ಬಹುದು. ಕರೆಂಟು ಹೋದಾಗ ನೆಲಮಾಳಿಗೆಗೆ ಇಳಿದೋನು, ಅವನು ಹೋದ. ಇಲ್ಲಿ ಏನೂ ಇಲ್ಲ, ಗಾಳಿ ಅಷ್ಟೇ ಅಂತ ನಕ್ಕೋಳು, ಅವಳೂ ಹೋದ್ಲು. ಎಲ್ಲಕ್ಕಿಂತ ಗ್ಯಾರಂಟಿ ಯಾವುದು ಗೊತ್ತಾ? ಬಾಗಿಲಲ್ಲಿ ನಿಂತು, 'ಬ್ಯಾಕ್ ಇನ್ ಎ ಮಿನಿಟ್' ಅಂತಾನಲ್ಲ, ಅವನು. ಬರ್ತೀನಿ ಅಂದೋನು ಬರೋದೇ ಇಲ್ಲ. ಬೇಕಾದ್ರೆ ನೂರು ಸಿನಿಮಾ ಹಾಕಿ ನೋಡಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಇನ್ನೂ ಒಂದಷ್ಟು ಉಪ್ಪುಖಾರ ಹಚ್ಚಿದೆ. ನನ್ನ ಹಿಂದೆ, ಮಾಟಗಾತಿಯ ಚೂಪು ಟೋಪಿ ಹಾಕಿಕೊಂಡು, ಚಾಕಲೇಟಿನ ಬಕೆಟ್ಟು ತೊಡೆಯ ಮೇಲಿಟ್ಟುಕೊಂಡು ಮಗಳು ಕೂತಿದ್ದಳು. ಅವಳು ನಗಲಿಲ್ಲ. ಅದನ್ನು ಆಗ ಯಾರೂ ಗಮನಿಸಲಿಲ್ಲ.

ಮರುದಿನ ಬೆಳಗ್ಗೆ ಇವರು ಗಣಿಗೆ ಹೊರಡಬೇಕಿತ್ತು. ಟ್ಯಾಕ್ಸಿ ಬಂದು ನಿಂತಿತ್ತು. ಇವರು ದೇವರಿಗೆ ಕೈಮುಗಿದು, ದಪ್ಪ ಬೂಟು ಕಟ್ಟಿಕೊಂಡು, ಬ್ಯಾಗು ಹೆಗಲಿಗೇರಿಸಿ, ಬಾಗಿಲಲ್ಲಿ ತಿರುಗಿ ನಿಂತು ಎಂದಿನ ಹಾಗೆ ಅಂದರು: "ಸರಿ, ಹೋಗ್ಬರ್ತೀನಿ."

ತಿಂಡಿಯ ಬಟ್ಟಲು ಬಿಟ್ಟು ಮಗಳು ಓಡಿಬಂದಳು. "ನೋ! ಡೋಂಟ್ ಸೇ ದಟ್!"

"ಏನಾಯ್ತು ಪುಟ್ಟಿ?"

"ಯೂ ಸೆಡ್ ಗೋ ಅಂಡ್ ಕಮ್ ಬ್ಯಾಕ್! ಅಮ್ಮ ಸೆಡ್ ದೇ ಆಲ್ ಡೈ!"

ನನ್ನ ತಲೆಗೆ ಹೋಗಲು ಒಂದು ನಿಮಿಷವೇ ಬೇಕಾಯಿತು. ಹೋಗ್ಬರ್ತೀನಿ. ಹುಟ್ಟಿದಾಗಿನಿಂದ ಕೇಳಿದ್ದೇನೆ, ಹೇಳಿದ್ದೇನೆ. ಅದನ್ನು ಹೋಗಿ, ಬರುತ್ತೇನೆ ಅಂತ ಬಿಡಿಸಿ ನೋಡಿದವರು ನಮ್ಮಲ್ಲಿ ಯಾರಿದ್ದಾರೆ? ಅದು ಒಂದೇ ಮಾತು, ಒಂದೇ ಉಸಿರು. ಕನ್ನಡವನ್ನು ಕಿವಿಯಲ್ಲಿ ಕೇಳಿ ತಲೆಯೊಳಗೆ ಇಂಗ್ಲಿಷ್ ಮಾಡಿಕೊಳ್ಳುವ ಮಗು ಮಾತ್ರ ಅದನ್ನು ಹಾಗೆ ಸೀಳಬಲ್ಲದು. ಅವಳ ಲೆಕ್ಕದಲ್ಲಿ ಅವಳಪ್ಪ ಈಗಷ್ಟೇ, ಬಾಗಿಲಲ್ಲಿ ನಿಂತು, ಸಾಯುವವನ ಡೈಲಾಗು ಹೇಳಿದ್ದರು.

"ಮತ್ತೆ ಏನನ್ಲಿ ನಾನು?" ಅಂದರು ಇವರು, ಮಂಡಿಯೂರಿ ಕೂತು.

"ಜಸ್ಟ್ ಸೇ ಗೋಯಿಂಗ್. ಸೇ ಹೋಗ್ತೀನಿ."

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದುಕೊಂಡೇ ಬಂದರು. "ಅಯ್ಯೋ, ಬಿಡ್ತು ಅನ್ನು! ಹೊಸಲಲ್ಲಿ ನಿಂತ್ಕೊಂಡು ಹೋಗ್ತೀನಿ ಅಂತಾರೇನೇ? ಏಯ್, ನೀನೇನಾದ್ರೂ ಹಾಗೆ ಬಾಯಿಬಿಟ್ಟೀಯ, ಜೋಕೆ!"

"ಸೇ ಇಟ್, ಅಪ್ಪ!"

"ಅನ್ಬೇಡ ಕಣೋ!"

ಹೊರಗಿನಿಂದ ಟ್ಯಾಕ್ಸಿಯವನು "ಆಲ್ ಗುಡ್, ಮೇಟ್?" ಅಂತ ಕೂಗಿದ. ಏನು ಗುಡ್ಡು, ಮಣ್ಣಂಗಟ್ಟಿ! ಮಗಳು ಇವರ ಕಾಲಿಗೆ ಜೋತುಬಿದ್ದು ಬಿಕ್ಕುತ್ತಿದ್ದಳು. ವಿಮಾನಕ್ಕೆ ಹೊತ್ತಾಗುತ್ತಿತ್ತು. ಕೊನೆಗೆ ಇವರು ಅಮ್ಮನ ಕಡೆ ನೋಡದೆ, ಮಗಳ ಕಿವಿಯಲ್ಲಿ ಸಣ್ಣಗೆ "ಹೋಗ್ತೀನಿ" ಅಂದರು. ಅತ್ತೆ "ಬಿಡ್ತು, ಬಿಡ್ತು" ಅಂತ ಅಲ್ಲೇ ನೆಲಕ್ಕೆ ಕೂತರು. ನಾನು ಮಗಳನ್ನು ಕಾಲಿನಿಂದ ಬಿಡಿಸಿಕೊಂಡೆ. ಟ್ಯಾಕ್ಸಿ ಹೊರಟಿತು.

ಇಳಿದ ತಕ್ಷಣ ಫೋನು ಮಾಡುವುದು ಇವರ ಪದ್ಧತಿ. ಆ ದಿನ ಬರಲಿಲ್ಲ. ಊಟದ ಹೊತ್ತಾಯಿತು, ಬರಲಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್ ಅನ್ನುವ ಹೆಂಗಸಿನ ಧ್ವನಿ. ಮಧ್ಯಾಹ್ನ ಆಫೀಸಿನಿಂದ ಬೇಗ ಹೊರಟು ಕ್ಯಾನಿಂಗ್ಟನ್ ಸ್ಟೇಷನ್ನಿನಲ್ಲಿ ಇಳಿದು ಮತ್ತೆ ಮಾಡಿದೆ, ಅದೇ ಹೆಂಗಸು. ಕಂಪನಿಯ ಆಫೀಸಿಗೆ ಮಾಡಿದರೆ ಸಂಗೀತ ಹಾಕಿ ಕಾಯಿಸಿದರು. ಮನೆಗೆ ಬಂದರೆ ಅತ್ತೆ ತಟ್ಟೆ ಮುಟ್ಟಿರಲಿಲ್ಲ, ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕುತ್ತಲೇ ಇದ್ದರು. ಸ್ಕೂಲಿನಿಂದ ಬಂದ ಮಗಳು ಚೀಲ ಕೂಡ ಇಳಿಸದೆ, "ಡಿಡ್ ಅಪ್ಪ ಕಾಲ್?" ಅಂದಳು.

ಇಲ್ಲ ಅಂದೆ.

ಭಯವಾಯಿತು ನನಗೆ. ಪರಿಣತಳಾಗಿರುವುದರ ಕಷ್ಟ ನನಗೆ ಆವತ್ತು ಗೊತ್ತಾಯಿತು. ಗಣಿಯ ಬಗ್ಗೆ ನನಗೆ ಏನೂ ತಿಳಿಯದು. ಆದರೆ ಫೋನು ಸತ್ತ ಮೇಲೆ ಮುಂದೆ ಏನಾಗುತ್ತದೆ ಅನ್ನುವುದು ನೂರಾರು ಸಿನಿಮಾಗಳಿಂದ ಗೊತ್ತಿತ್ತು. ಒಂದಾದ ಮೇಲೊಂದು ಕಣ್ಣ ಮುಂದೆ ಓಡುತ್ತಿತ್ತು, ನಿಲ್ಲಿಸುವ ಗುಂಡಿ ಇರಲಿಲ್ಲ. ಸಂಜೆಯ ಬಿಸಿಲಿನಲ್ಲಿ, ಪಕ್ಕದ ಮನೆಯವರು ಹುಲ್ಲಿಗೆ ನೀರು ಬಿಡುತ್ತಿರುವಾಗ, ನಾನು ಅಡುಗೆಮನೆಯ ಸಿಂಕು ಹಿಡಿದುಕೊಂಡು ನಿಂತಿದ್ದೆ. ಇಷ್ಟು ಬೆಳಕಿನಲ್ಲಿ ಮನುಷ್ಯರಿಗೆ ಇಷ್ಟು ಹೆದರಿಕೆಯಾಗಬಹುದು ಅಂತ ನಾನು ಅಂದುಕೊಂಡಿರಲಿಲ್ಲ.

ಮರುದಿನ ಬೆಳಗ್ಗೆ ಹಾಲು ಕಾಯಿಸುತ್ತಿದ್ದಾಗ ಫೋನು ಬಂತು.

"ಏನೇ, ಇಷ್ಟೊಂದು ಮಿಸ್ಡ್ ಕಾಲು? ಸಿಡಿಲು ಹೊಡೆದು ಇಲ್ಲಿ ಟವರೇ ಹೋಗ್ಬಿಟ್ಟಿತ್ತು. ಎಲ್ಲಾ ಮೆಸ್ಸಲ್ಲಿ ಐಸ್‌ಕ್ರೀಮ್ ತಿನ್ಕೊಂಡು ಕೂತಿದ್ವಿ. ಯಾಕೆ, ಏನಾಯ್ತು?"

"ನಿಮ್ಮ ತಲೆ ಆಯ್ತು!" ಅಂತ ಕಿರುಚಿದೆ. ಇನ್ನೂ ಏನೇನೋ ಅಂದೆ. ಆಮೇಲೆ ಅಳು ಬಂದುಬಿಟ್ಟಿತು, ಫೋನನ್ನು ಅತ್ತೆಯ ಕೈಗೆ ಕೊಟ್ಟೆ. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ ನನ್ನಂಥ ದಡ್ಡಿ ಇಲ್ಲ. ಎರಡು ವಾರ ಕಳೆದು ಇವರು ಕೆಂಪು ಧೂಳಿನ ಬೂಟಿನ ಸಮೇತ ಮನೆಗೆ ಬಂದಾಗ ಅಜ್ಜಿ ಮೊಮ್ಮಗಳು ಇಬ್ಬರೂ ತಾವೇ ಗೆದ್ದೆವು ಅಂದರು. "ಹೋಗ್ತೀನಿ ಅಂದಿದ್ದಕ್ಕೇ ಸಿಡಿಲು ಬಡೀತು" ಅಂತ ಅತ್ತೆ. "ಹಿ ಸೆಡ್ ಹೋಗ್ತೀನಿ, ಸೋ ಹಿ ಕೇಮ್ ಬ್ಯಾಕ್" ಅಂತ ಮಗಳು. ವಾರವೆಲ್ಲ ಚೆನ್ನಾಗಿತ್ತು. ಹೊರಡುವ ದಿನ ಹತ್ತಿರ ಬಂದ ಹಾಗೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಆ ಬೆಳಗ್ಗೆ ನಾವು ಏಳುವ ಹೊತ್ತಿಗೆ ಇವರ ಬೂಟಿರಲಿಲ್ಲ. ಬಟ್ಟೆ ಒಗೆಯುವ ಕೋಣೆಯ ಹಿಂಬಾಗಿಲಿನಿಂದ ಸದ್ದಿಲ್ಲದೆ ಹೋಗಿಬಿಟ್ಟಿದ್ದರು.

ಮಗಳು ಬೂಟಿಡುವ ಜಾಗವನ್ನು ನೋಡುತ್ತ ನಿಂತಳು. "ವಾಟ್ ಡಿಡ್ ಹಿ ಸೇ?"

"ಏನೂ ಹೇಳ್ಲಿಲ್ಲ ಪುಟ್ಟಿ. ನಿದ್ದೆ ಮಾಡ್ತಿದ್ದೆ ನೀನು."

ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಹೊಟ್ಟೆನೋವು ಅಂತ ಸ್ಕೂಲಿನಿಂದ ಫೋನು ಬಂತು, ಮರುದಿನವೂ ಬಂತು. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಏನೂ ಇಲ್ಲ ಅಂದರು. ನನಗೆ ಗೊತ್ತಿತ್ತು ಏನಿದೆ ಅಂತ. ಇವರು ಫೋನು ಮಾಡಿದಾಗ ಹಿತ್ತಲಿಗೆ ಹೋಗಿ ಚೆನ್ನಾಗಿ ಬೈದೆ.

"ಕಳ್ಳನ ಹಾಗೆ ಹಿಂಬಾಗಿಲಿಂದ ಹೋಗೋದಾ? ಹೆತ್ತ ಮಗಳಿಗೆ ಹೇಳ್ದೆ?"

"ಇನ್ನೇನೇ ಮಾಡ್ಲಿ? ಹಾಗಂದ್ರೆ ಅಮ್ಮ ಊಟ ಬಿಡ್ತಾರೆ, ಹೀಗಂದ್ರೆ ಇವಳು ಅಳ್ತಾಳೆ." ಆಮೇಲೆ, "ಅವಳ ಮುಖಾನೂ ನೋಡ್ದೆ ಬಂದ್ಬಿಟ್ಟೆ ಕಣೇ" ಅಂದರು. ನಾನು ಬೈಯುವುದನ್ನು ನಿಲ್ಲಿಸಿದೆ.

ಸಿನಿಮಾ ಎಲ್ಲಾ ಸುಳ್ಳು, ರಕ್ತ ಅನ್ನುವುದು ಬಣ್ಣದ ನೀರು, ಸತ್ತವರು ಎದ್ದು ಕಾಫಿ ಕುಡಿಯುತ್ತಾರೆ ಅಂತ ಮಗಳಿಗೆ ಎಷ್ಟೋ ಹೇಳಿದೆ. "ಐ ನೋ" ಅನ್ನುತ್ತಿದ್ದಳು, ಹೊಟ್ಟೆ ಹಿಡಿದುಕೊಂಡೇ. ಬಾಯಿಮಾತು ಸಾಲದು ಅಂತ ಕಂಡಿತು. ಸಿನಿಮಾದಿಂದ ಬಂದದ್ದನ್ನು ಸಿನಿಮಾದಿಂದಲೇ ಓಡಿಸುತ್ತೇನೆ ಅಂತ ತೀರ್ಮಾನಿಸಿದೆ. ಈ ವಿದ್ಯೆಯಲ್ಲಿ ನನಗಿಂತ ಬಲ್ಲವರು ಆ ಊರಿನಲ್ಲಿ ಇರಲಿಲ್ಲ, ಬೇರೆಯವರನ್ನು ಎಲ್ಲಿಂದ ತರಲಿ?

ನನ್ನ ಸಂಗ್ರಹದಲ್ಲಿ ತೀರಾ ಸಾಧುವಾದದ್ದು ಒಂದಿತ್ತು. ಹಳೇ ಕಪ್ಪು ಬಿಳುಪಿನದು. ರಕ್ತದ ಒಂದು ತೊಟ್ಟೂ ಕಾಣಿಸದು, ಆಗುವುದೆಲ್ಲ ಬಾಗಿಲಾಚೆ, ನಮಗೆ ಕೇಳುವುದು ಕೂಗು ಮಾತ್ರ. ನನ್ನ ಇಷ್ಟದ ಸಿನಿಮಾಗಳಲ್ಲಿ ಅದಕ್ಕೇ ಮೊದಲ ಸ್ಥಾನ. ಶನಿವಾರ ಮಧ್ಯಾಹ್ನ ಬ್ರಿಸ್ಬೇನಿನ ಕೆಂಪು ಬೆಡ್‌ಶೀಟನ್ನೇ ಕಿಟಕಿಗೆ ಕಟ್ಟಿದೆ. "ಮಗೂನ ನಿನ್ನ ಕೈಗೆ ಬಿಟ್ಟು ನಾನು ಒಳಗೆ ಕೂರ್ತೀನಾ?" ಅಂತ ಅತ್ತೆಯೂ ಬಂದು, ಕಡಲೇಬೀಜದ ತಟ್ಟೆ ಮಡಿಲಲ್ಲಿಟ್ಟುಕೊಂಡು ಕೂತರು. ಚುರುಮುರಿಗೆ ಹಾಕಲು ಹುರಿದ ಬೀಜದ ಸಿಪ್ಪೆ ಉಜ್ಜುವುದು ಅವರ ಪಾಲು, ಸಿನಿಮಾವನ್ನು ಕನ್ನಡದಲ್ಲಿ ಹೇಳುವುದು ನನ್ನ ಪಾಲು. ನನಗೂ ಅತ್ತೆಗೂ ನಡುವೆ ಮಗಳು, ಮೊಣಕಾಲು ಗಲ್ಲಕ್ಕೆ ಒತ್ತಿಕೊಂಡು.

ಕಥೆ ಇಷ್ಟೇ: ಒಂದಷ್ಟು ಜನ ಸ್ನೇಹಿತರು, ಊರಾಚೆ ಒಂದು ಹಳೇ ಮನೆ, ಬಿರುಗಾಳಿ.

"ಈ ಮನೆ ಯಾರದು?" ಅಂತ ಅತ್ತೆ.

"ಅವಳ ದೊಡ್ಡಪ್ಪಂದು. ಈಗ ಇವಳಿಗೆ ಬಂದಿದೆ. ಇವತ್ತೇ ಮೊದಲ ಸಲ ಬಂದಿರೋದು."

"ಹಾಲುಕ್ಕಿಸಿದ್ರಾ?"

"ಇಲ್ಲ ಅತ್ತೆ."

"ಮತ್ತೆ ಇನ್ನೇನಾಗುತ್ತೆ!" ಅಂದರು ಅತ್ತೆ, ಕಥೆ ಅಲ್ಲಿಗೆ ಇತ್ಯರ್ಥವಾದ ಹಾಗೆ. ಮಗಳ ಮೊಣಕಾಲು ಒಂದಿಷ್ಟು ಕೆಳಗಿಳಿಯಿತು.

ಆಮೇಲೆ ಆ ಗಳಿಗೆ ಬಂತು. ದೀಪ ಹೋಯಿತು. ಅವರಲ್ಲಿ ಒಬ್ಬ ಟಾರ್ಚು ತೆಗೆದುಕೊಂಡು ಬಾಗಿಲಿಗೆ ಹೋದ, ತಿರುಗಿ ನಿಂತ, ಆ ಮಾತು ಹೇಳಿದ. ಮಗಳ ಉಗುರು ನನ್ನ ಕೈಗೆ ನಾಟಿತು. "ಏನಂತಾನೆ?" ಅಂತ ಅತ್ತೆ ಕೇಳಿದರು.

"ಈಗ ಹೋಗ್ಬರ್ತೀನಿ ಅಂತಿದಾನೆ."

ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. ಬೀಜದ ಸಿಪ್ಪೆಯನ್ನು ಉಫ್ ಅಂತ ಊದಿ, "ಹೂಂ, ಹೋಗ್ಬಾಪ್ಪ" ಅಂದರು.

ಯೋಚಿಸಿ ಅಂದದ್ದಲ್ಲ. ಯಾರಾದರೂ ಹೋಗ್ಬರ್ತೀನಿ ಅಂದರೆ ನಮ್ಮ ಬಾಯಿಂದ ತಾನಾಗಿ ಬರುತ್ತದಲ್ಲ, ಹಾಗೆ ಬಂತು. ಹಾಲಿನವನಿಗೆ, ನೆಂಟರಿಗೆ, ಗ್ಯಾಸ್ ತಂದವನಿಗೆ ಅಂದ ಹಾಗೆ ಟೀವಿಯ ಆ ಮನುಷ್ಯನಿಗೂ ಅಂದಿದ್ದರು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ರಿಮೋಟ್ ಎತ್ತಿಕೊಂಡು ಸಿನಿಮಾವನ್ನು ಹಿಂದಕ್ಕೆ ಓಡಿಸಿ ಅದೇ ಜಾಗವನ್ನು ಮತ್ತೆ ಹಾಕಿದೆ.

"ವೈ ಅಮ್ಮ?"

"ನೋಡು. ಅವನನ್ನ ನೋಡ್ಬೇಡ, ಒಳಗೆ ಕೂತಿರೋರನ್ನ ನೋಡು."

ಅವನು ಬಾಗಿಲಲ್ಲಿ ನಿಂತು ಆ ಮಾತು ಹೇಳುತ್ತಾನೆ. ಒಳಗೆ ಮೇಣದಬತ್ತಿಯ ಬೆಳಕಿನಲ್ಲಿ ಒಬ್ಬಳು ಪತ್ರಿಕೆ ತಿರುಗಿಸುತ್ತಿದ್ದಾಳೆ. ಒಬ್ಬ ಗ್ಲಾಸಿಗೆ ಸುರಿದುಕೊಳ್ಳುತ್ತಿದ್ದಾನೆ. ಇನ್ನಿಬ್ಬರು ಮುದ್ದಾಡುತ್ತಿದ್ದಾರೆ, ಅತ್ತೆ ಸೆರಗು ಅಡ್ಡ ಮಾಡಿಕೊಂಡರು. ಒಬ್ಬರೂ ತಲೆ ಎತ್ತುವುದಿಲ್ಲ. ಯಾರೂ ಹೂಂ ಕೂಡ ಅನ್ನುವುದಿಲ್ಲ. ಅವನು ಒಂದು ಕ್ಷಣ ನಿಂತಿದ್ದು ಹೋಗಿಬಿಡುತ್ತಾನೆ. ಆ ಸಿನಿಮಾವನ್ನು ಅದೆಷ್ಟು ಸಲ ನೋಡಿದ್ದೆನೋ, ಕಣ್ಣು ಬಾಗಿಲಾಚೆಯ ಕತ್ತಲೆಯ ಮೇಲೇ ಇರುತ್ತಿತ್ತು. ಒಳಗಿನವರನ್ನು ಒಮ್ಮೆಯೂ ನೋಡಿರಲಿಲ್ಲ.

"ಥೂ, ಎಂಥಾ ಜನ ಇವರು!" ಅತ್ತೆಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಹೋಗೋನು ಹೇಳಿ ಹೋಗ್ತಿದಾನೆ, ಹೋಗ್ಬಾ ಅನ್ನೋಕೆ ಒಬ್ಬರಿಗೂ ಬಾಯಿಲ್ವಾ?"

ಆ ಬೆಳಗಿನ ನಮ್ಮ ಬಾಗಿಲು ನನ್ನ ಕಣ್ಣ ಮುಂದೆ ಬಂತು. ಅತ್ತೆ ಬಿಡ್ತು ಅನ್ನುತ್ತಿದ್ದರು, ಮಗಳು ಅಳುತ್ತಿದ್ದಳು, ನಾನು ಬಾಯಿ ಮುಚ್ಚಿಕೊಂಡಿದ್ದೆ. ಏನು ಹೇಳಿ ಹೋಗಬೇಕು ಅಂತ ಅಷ್ಟು ಜಗಳವಾಡಿದ್ದೆವು. ಹೋಗ್ಬಾ ಅಂತ ಇವರಿಗೆ ಯಾರೂ ಅಂದಿರಲಿಲ್ಲ.

"ಕಂಡ್ಯಾ ಪುಟ್ಟಿ?" ಅಂದೆ. "ಹೋಗ್ಬರ್ತೀನಿ ಅಂದಿದ್ದು ತಪ್ಪಲ್ಲ. ಯಾರೂ ಉತ್ತರ ಕೊಡ್ಲಿಲ್ಲ, ಅದು ತಪ್ಪು."

ಅಷ್ಟರಲ್ಲಿ ಟೀವಿಯಲ್ಲಿ, ಬಾಗಿಲಾಚೆ, ಅವನು ಕೂಗಿಕೊಂಡ. ಮಗಳು ನನ್ನನ್ನು ನೋಡಿದಳು. ಟೆಸ್ಟಿಂಗ್ ಮಾಡುವವಳ ಮಗಳಲ್ಲವೇ, ಲೋಪ ಹಿಡಿದೇಬಿಟ್ಟಳು. "ಬಟ್ ಅಜ್ಜಿ ಸೆಡ್ ಹೋಗ್ಬಾ. ಹಿ ಸ್ಟಿಲ್ ಡೈಡ್."

ಅವಳು ಅಂದದ್ದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಎಂಥಾ ಸೊಗಸಾದ ಸಿದ್ಧಾಂತ, ಹುಟ್ಟಿದ ನಿಮಿಷಕ್ಕೇ ಮಣ್ಣುಪಾಲು ಅಂದುಕೊಂಡೆ. ಅತ್ತೆ ಬೀಜದ ತಟ್ಟೆಯನ್ನು ಮಂಡಕ್ಕಿಯ ಪಾತ್ರೆಗೆ ಸುರಿಯುತ್ತ ಅಂದರು: "ಅವನಿಗೆಲ್ಲಿ ಕನ್ನಡ ಬರುತ್ತೆ ಪುಟ್ಟಿ?"

ಮಗಳು ಯೋಚಿಸಿದಳು. ಮುಂದಿನ ದೃಶ್ಯದಲ್ಲಿ ಇನ್ನೊಬ್ಬಳು ಸತ್ತಳು, ಅದನ್ನು ಅವಳು ನೋಡಲೇ ಇಲ್ಲ. ಚುರುಮುರಿ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, ನಿಧಾನವಾಗಿ ಅಂದಳು: "ಅಪ್ಪ ನೋಸ್ ಕನ್ನಡ."

"ಬರುತ್ತೆ" ಅಂದೆ. "ಅಪ್ಪನಿಗೆ ಚೆನ್ನಾಗಿ ಬರುತ್ತೆ."

ಮುಂದಿನ ಸಲ ಇವರು ಹೊರಡುವ ದಿನ ಟ್ಯಾಕ್ಸಿ ಬರುವ ಮೊದಲೇ ಮಗಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಇವರು ಹಿಂಬಾಗಿಲಿನ ಕಡೆ ಒಮ್ಮೆ ಕಣ್ಣು ಹಾಯಿಸಿದರು, ನಾನು ಅದಕ್ಕೆ ಮೊದಲೇ ಬೀಗ ಹಾಕಿದ್ದೆ. ಬೂಟು ಕಟ್ಟಿದರು. ಬ್ಯಾಗು ಎತ್ತಿದರು. ಮಗಳನ್ನು ನೋಡಿದರು, ಅಮ್ಮನನ್ನು ನೋಡಿದರು, ಬಾಯಿ ಬಿಡಲು ಧೈರ್ಯ ಬರಲಿಲ್ಲ.

"ಸೇ ಇಟ್" ಅಂದಳು ಮಗಳು.

"ಯಾವುದು?"

"ದಿ ರಿಯಲ್ ಒನ್."

"ಹೋಗ್ಬರ್ತೀನಿ" ಅಂದರು ಇವರು, ಕಣ್ಣು ಅರ್ಧ ಮುಚ್ಚಿಕೊಂಡು.

"ಹೋಗ್ಬಾ ಅಪ್ಪ."

ಯಾರೂ ಲಂಚ ಕೊಟ್ಟಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಹೋ ಅನ್ನುವುದು ಸ್ವಲ್ಪ ಉದ್ದವಾಯಿತು, ಬಾ ಅನ್ನುವುದು ಇನ್ನೂ ಉದ್ದವಾಯಿತು. ಆದರೂ ಪಕ್ಕಾ ಕನ್ನಡ. "ಕೇಳಿ-ಸ್-ತಾ?" ಅಂತ ಬೇರೆ ಕೇಳಿದಳು, ಮುರಿದು ಮುರಿದು. ಇವರು ಕೇಳಿಸ್ತು ಅಂತ ತಲೆಯಾಡಿಸಿದರು. ಅವಳಿಗೆ ಅಷ್ಟಕ್ಕೇ ನಂಬಿಕೆ ಬರಲಿಲ್ಲ. ಟ್ಯಾಕ್ಸಿ ರಸ್ತೆ ತಿರುಗುವವರೆಗೂ ಗೇಟು ಹತ್ತಿ ನಿಂತು "ಹೋಗ್ಬಾ! ಹೋಗ್ಬಾ!" ಅಂತ ಕೂಗಿದಳು. ಹುಲ್ಲಿಗೆ ನೀರು ಬಿಡುತ್ತಿದ್ದ ಪಕ್ಕದ ಮನೆಯ ಮುದುಕ ತನಗೇ ಏನೋ ಹೇಳುತ್ತಿದ್ದಾಳೆ ಅಂದುಕೊಂಡು ಟೋಪಿ ಎತ್ತಿ ಆಡಿಸಿದ. ಹೊಟ್ಟೆನೋವು ಆಮೇಲೆ ಬರಲಿಲ್ಲ. ಅತ್ತೆ ಮೈಸೂರಿಗೆ ಹೊರಟಾಗ ಏರ್‌ಪೋರ್ಟಿನಲ್ಲಿ ಅವರಿಗೂ ಹಾಗೇ ಗಟ್ಟಿಯಾಗಿ ಕೂಗಿದಳು. ಅತ್ತೆ ಮರುವರ್ಷ ಮತ್ತೆ ಬಂದರು.

ಈಗ ನಾವು ಅಡಿಲೇಡಿನಲ್ಲಿದ್ದೇವೆ. ಇವರು ಗಣಿ ಬಿಟ್ಟು ಸ್ಯಾಲಿಸ್‌ಬರಿಯ ಒಂದು ಕಾರ್ಖಾನೆಯ ಲ್ಯಾಬಿಗೆ ಸೇರಿದ್ದಾರೆ. ಬೆಳಗ್ಗೆ ಹೋದರೆ ಸಂಜೆ ಬರುತ್ತಾರೆ. ಹ್ಯಾಲೊವೀನಿಗೆ ಇಲ್ಲಿ ಇನ್ನೂ ಕಷ್ಟ, ಬೇಸಿಗೆ ಬಂತು ಅಂತ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಸೂರ್ಯನನ್ನು ರಾತ್ರಿ ಊಟದ ಹೊತ್ತಿನವರೆಗೂ ಹಿಡಿದಿಟ್ಟುಕೊಳ್ಳುತ್ತಾರೆ. ಬೆಡ್‌ಶೀಟಿನ ಬಣ್ಣ ಹೋಗಿದೆ, ಆದರೂ ಅದೇ ಬೇಕು. ಮಗಳು ನನ್ನೆತ್ತರಕ್ಕೆ ಬಂದಿದ್ದಾಳೆ, ನನಗಿಂತ ಚೆನ್ನಾಗಿ ಸಿನಿಮಾ ಆರಿಸುತ್ತಾಳೆ, ಈಗಲೂ ಇಂಗ್ಲಿಷಿನಲ್ಲೇ ಮಾತಾಡುತ್ತಾಳೆ, ಬಾಗಿಲಿನ ಆ ಒಂದು ಮಾತು ಬಿಟ್ಟು.

ಹೋದ ಹ್ಯಾಲೊವೀನಿನ ಸಂಜೆ ಎಲ್ಲ ಸಿದ್ಧವಾಗಿತ್ತು, ಕಾಫಿಗೆ ಹಾಲಿರಲಿಲ್ಲ. ಸರ್ವೋ, ಅಂದರೆ ಹಾಲೂ ಮಾರುವ ಪೆಟ್ರೋಲ್ ಬಂಕು, ನಮ್ಮ ಬೀದಿಯ ಕೊನೆಯಲ್ಲೇ ಇದೆ, ಅದರ ದೀಪ ಮನೆಯಿಂದಲೇ ಕಾಣುತ್ತದೆ. ಪರ್ಸು ತೆಗೆದುಕೊಂಡು, ಬಾಗಿಲಲ್ಲಿ ನಿಂತು, "ಹಾಲು ತರ್ತೀನಿ, ಹೋಗ್ಬರ್ತೀನಿ ಕಣೇ" ಅಂದೆ. ಮಗಳು ಸೋಫಾದಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೂತಿದ್ದಳು. ತಲೆ ಎತ್ತಲಿಲ್ಲ. ಇವರು ಬಚ್ಚಲಿನಲ್ಲಿದ್ದರು, ನೀರಿನ ಸದ್ದು. ಇನ್ನೊಂದು ಸಲ ಅಂದೆ. ಹೊರಗೆ ಢಾಳಾದ ಬಿಸಿಲು, ಹವಾಯಿ ಚಪ್ಪಲಿಯ ದೆವ್ವಗಳು ಬಕೆಟ್ಟು ಹಿಡಿದು ಓಡಾಡುತ್ತಿದ್ದವು. ಭಯ ಅನ್ನುವುದೇ ಇಲ್ಲದ ಹೆಂಗಸು ನಾನು, ಅಮ್ಮನನ್ನು ಬೇಕಾದರೆ ಕೇಳಿ. ಆದರೂ ಹೊಸಲು ದಾಟಲು ಕಾಲು ಬರಲಿಲ್ಲ. ಸೋಫಾದವರೆಗೂ ವಾಪಸ್ಸು ಹೋಗಿ ಅವಳ ಒಂದು ಕಿವಿಯ ಹೆಡ್‌ಫೋನು ಎತ್ತಿದೆ.

"ವಾಟ್?"

"ಹೋಗ್ಬರ್ತೀನಿ ಅಂದೆ."

ಅವಳು ನನ್ನ ಮುಖ ನೋಡಿದಳು. ರೇಗಿಸಲಿಲ್ಲ, ಕಣ್ಣು ತಿರುಗಿಸಲಿಲ್ಲ. ಎರಡೂ ಕಿವಿಯಿಂದ ಹೆಡ್‌ಫೋನು ತೆಗೆದು ಕೊರಳಿಗೆ ಹಾಕಿಕೊಂಡಳು.

"ಹೋಗ್ಬಾ ಅಮ್ಮ."

ಆಮೇಲೆ ಚಪ್ಪಲಿ ಹಾಕಿಕೊಂಡೆ.